ಬಾಲ್ ಬರೋ ಮೊದ್ಲೇ ಯೋಚ್ನೆ ಮುಗ್ದಿರ್ಬೇಕು: ಸಾಫ್ಟ್‌ಬಾಲ್ ಮಕ್ಕಳಿಗೆ ಮ್ಯಾಚಲ್ಲಿ ನಿರ್ಧಾರ ತಗೊಳ್ಳೋದು ಕಲಿಸೋದು ಹೆಂಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಸ್ಕೂಲ್ ಲೆವೆಲ್ ಸಾಫ್ಟ್‌ಬಾಲ್ ಮ್ಯಾಚ್ ನೋಡಿದೋರಿಗೆ ಇದು ಗೊತ್ತಿರುತ್ತೆ. ಶಾರ್ಟ್‌ಸ್ಟಾಪ್, ಅಂದ್ರೆ ಸೆಕೆಂಡ್ ಥರ್ಡ್ ಬೇಸ್ ಮಧ್ಯೆ ನಿಲ್ಲೋ ಹುಡುಗಿ, ನೆಲದ ಮೇಲೆ ಉರುಳ್ಕೊಂಡು ಬಂದ ಬಾಲನ್ನ ಚೆನ್ನಾಗೇ ಹಿಡೀತಾಳೆ, ಎದ್ದು ನಿಲ್ತಾಳೆ, ಆಮೇಲೆ ಲೈನ್ ಹೊರಗೆ ನಿಂತಿರೋ ಸರ್ ಮುಖ ನೋಡ್ತಾಳೆ. ಸರ್ "ಫಸ್ಟಿಗೆ ಹಾಕಮ್ಮಾ" ಅಂತ ಕೂಗೋ ಹೊತ್ತಿಗೆ ರನ್ನರ್ ಬೇಸ್ ಮುಟ್ಟಿ ಆಗಿರುತ್ತೆ. ಬ್ಯಾಟ್ ಮಾಡೋ ಜಾಗ ಹೋಮ್, ಅಲ್ಲಿಂದ ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ಸುತ್ತಿ ವಾಪಸ್ ಹೋಮಿಗೆ ಬಂದ್ರೆ ಒಂದು ರನ್. ಹೋಮಿಂದ ಫಸ್ಟ್ ಬೇಸಿಗೆ ಇರೋದೇ 60 ಅಡಿ, ಅಂದ್ರೆ 18 ಮೀಟರ್ ಚಿಲ್ಲರೆ, ಚುರುಕಾಗಿರೋ ಹೈಸ್ಕೂಲ್ ಹುಡುಗಿ ಮೂರೂವರೆ ನಾಲ್ಕು ಸೆಕೆಂಡಲ್ಲಿ ಓಡಿ ಮುಗಿಸ್ತಾಳೆ, ಅದ್ರಲ್ಲಿ ಒಂದು ಸೆಕೆಂಡ್ ಸರ್ ಮುಖ ನೋಡೋಕೆ ಹೋದ್ರೆ ಉಳಿಯೋದೇನು?

ಆ ಹುಡುಗಿಗೆ ಕೈ ಚೆನ್ನಾಗಿದೆ, ಥ್ರೋನೂ ಚೆನ್ನಾಗಿದೆ. ಬಾಲ್ ಬರೋಕೆ ಮುಂಚೆ ಎಲ್ಲಿಗೆ ಹಾಕ್ಬೇಕು ಅಂತ ಯೋಚ್ನೆ ಮಾಡಿರಲ್ಲ ಅಷ್ಟೇ, ಯಾಕಂದ್ರೆ ಆ ಯೋಚ್ನೆ ಯಾವತ್ತೂ ಅವಳ ಕೆಲಸ ಅಂತ ನಾವು ಅವಳಿಗೆ ಹೇಳೇ ಇಲ್ಲ. ಈ ಲೇಖನ ಪಿ.ಟಿ. ಮೇಷ್ಟ್ರುಗಳಿಗೆ, ಸಂಜೆ ಮೈದಾನದಲ್ಲಿ ಚಿಕ್ಕೋರಿಗೆ ಹೇಳ್ಕೊಡೋ ಸೀನಿಯರ್ ಆಟಗಾರರಿಗೆ, ಮತ್ತೆ ಮಕ್ಕಳನ್ನ ಆಡೋಕೆ ಕಳಿಸೋ ಅಪ್ಪ ಅಮ್ಮಂದ್ರಿಗೆ. ಒಂದೊಂದೇ ಹೆಜ್ಜೆ ಹೇಳ್ತೀನಿ, ಈ ಕ್ರಮದಲ್ಲೇ ಮಾಡಿ, ಯಾಕಂದ್ರೆ ಮೊದಲ್ನೇದು ಗಟ್ಟಿಯಾಗ್ದೆ ಮುಂದಿಂದು ನಿಲ್ಲಲ್ಲ.

ಹೆಜ್ಜೆ 1: ಕ್ರಿಕೆಟಿಂದ ಬಂದ ಅಭ್ಯಾಸ ಬಿಡಿಸಿ

ನಮ್ ಮಕ್ಕಳೆಲ್ಲ ಕ್ರಿಕೆಟ್ ಆಡ್ಕೊಂಡೇ ಸಾಫ್ಟ್‌ಬಾಲಿಗೆ ಬರೋದು, ಅದ್ರಿಂದ ಕ್ಯಾಚ್, ಥ್ರೋ ಎಲ್ಲಾ ಬೇಗ ಹತ್ತುತ್ತೆ, ಆದ್ರೆ ತಲೆ ಮಾತ್ರ ಕ್ರಿಕೆಟಲ್ಲೇ ಇರುತ್ತೆ. ಕ್ರಿಕೆಟಲ್ಲಿ ಕ್ಯಾಚ್ ಹಿಡಿದ್ರೆ ಅಲ್ಲಿಗೆ ಬಾಲ್ ಡೆಡ್, ಎಲ್ರೂ ಓಡಿ ಬಂದು ಕೈ ತಟ್ಟಬಹುದು. ಇಲ್ಲಿ ಕ್ಯಾಚ್ ಆದ್ಮೇಲೂ ಆಟ ನಡೀತಾನೇ ಇರುತ್ತೆ, ಥರ್ಡ್ ಬೇಸಲ್ಲಿ ನಿಂತಿರೋ ರನ್ನರ್ ಬೇಸ್ ಮುಟ್ಕೊಂಡಿದ್ದು, ಫೀಲ್ಡರ್ ಗ್ಲೌಸಿಗೆ ಬಾಲ್ ತಾಗಿದ ಕ್ಷಣಕ್ಕೆ ಹೋಮಿಗೆ ಓಡಬಹುದು. ಔಟ್‌ಫೀಲ್ಡಲ್ಲಿ ಒಳ್ಳೆ ಕ್ಯಾಚ್ ಹಿಡ್ದು ಖುಷಿಯಲ್ಲಿ ಕೈ ಎತ್ಕೊಂಡು ನಿಂತ ಹುಡುಗನ ಕಣ್ಣೆದುರಿಗೇ ಒಂದು ರನ್ ಹೋಗೋದನ್ನ ಬಹಳ ಸಲ ನೋಡಿದೀನಿ.

ಇನ್ನೂ ಇದಾವೆ. ಕ್ರಿಕೆಟಲ್ಲಿ ಹೊಡೆದು ಓಡ್ದೇ ನಿಲ್ಬಹುದು, ಇಲ್ಲಿ ಬಾಲ್ ಫೇರ್ ಆದ್ರೆ, ಅಂದ್ರೆ ಎರಡು ಫೌಲ್ ಗೆರೆಗಳ ಒಳಗೆ ಹೋದ್ರೆ, ಬ್ಯಾಟ್ ಬಿಟ್ಟು ಓಡ್ಲೇಬೇಕು. ಅಲ್ಲಿ ಕ್ರೀಸ್ ದಾಟಿ ಎಷ್ಟ್ ದೂರ ಹೋದ್ರೂ ನಡೆಯುತ್ತೆ, ಇಲ್ಲಿ ಫಸ್ಟ್ ಬೇಸ್ ದಾಟಿ ಹೋಗಬಹುದು, ಸೆಕೆಂಡ್ ಥರ್ಡಲ್ಲಿ ಬೇಸ್ ಬಿಟ್ಟು ಮುಂದೆ ಹೋದ್ರೆ ಟ್ಯಾಗ್ ಮಾಡಿ, ಅಂದ್ರೆ ಬಾಲ್ ಹಿಡಿದ ಕೈನ ಮೈಗೆ ಮುಟ್ಟಿಸಿ, ಔಟ್ ಮಾಡ್ತಾರೆ. ಗಾಬರಿ ಆದಾಗೆಲ್ಲ ಕೀಪರ್‌ಗೆ ಎಸೆಯೋ ಅಭ್ಯಾಸ ಇರೋದ್ರಿಂದ ಇಲ್ಲೂ ಸುಮ್ನೆ ಹೋಮಿಗೆ ಎಸೀತಾರೆ. ಮತ್ತೆ ಪಿಚ್ಚರ್ (ಬ್ಯಾಟ್ ಮಾಡೋರಿಗೆ ಬಾಲ್ ಹಾಕೋರು) ಕೈಯಿಂದ ಬಾಲ್ ಬಿಡೋವರೆಗೆ ರನ್ನರ್ ಬೇಸ್ ಬಿಡೋ ಹಂಗಿಲ್ಲ, ಬಿಟ್ರೆ ಔಟ್.

ಎಲ್ಲಕ್ಕಿಂತ ಕಷ್ಟ ಫೋರ್ಸ್ ಔಟ್. ಹಿಂದಿನ ರನ್ನರ್ ಬರ್ತಿರೋದ್ರಿಂದ ಜಾಗ ಖಾಲಿ ಮಾಡ್ಲೇಬೇಕಾದ ರನ್ನರ್‌ನ ಔಟ್ ಮಾಡೋಕೆ ಫೀಲ್ಡರ್ ಬಾಲ್ ಹಿಡ್ಕೊಂಡು ಮುಂದಿನ ಬೇಸ್ ಮುಟ್ಟಿದ್ರೆ ಸಾಕು, ಇಲ್ದಿದ್ರೆ ಮೈಗೆ ಟ್ಯಾಗ್ ಮಾಡ್ಬೇಕು, ಹಿಂದಿನವನು ಔಟ್ ಆದ ಕೂಡ್ಲೇ ಮುಂದಿನವನ ಮೇಲಿನ ಫೋರ್ಸ್ ಹೋಗ್ಬಿಡುತ್ತೆ. ಮೈದಾನದಲ್ಲಿ ಕೂಗಿ ಹೇಳಿದ್ರೆ ಇದು ತಲೆಗೆ ಹೋಗಲ್ಲ. ಮಳೆ ಬಂದ ದಿನ ಕ್ಲಾಸ್ ರೂಮಲ್ಲಿ ನೆಲದ ಮೇಲೆ ಚಾಕ್‌ಪೀಸಲ್ಲಿ ಡೈಮಂಡ್ ಬರೀರಿ, ರನ್ನರ್‌ಗಳಿಗೆ ಹುಣಸೆ ಬೀಜ ಇಡಿ, ಒಂದೊಂದೇ ಬೀಜ ಸರಿಸ್ತಾ "ಇವಾಗ ಯಾರಿಗೆ ಫೋರ್ಸ್?" ಅಂತ ಕೇಳ್ತಾ ಹೋಗಿ. ಮಕ್ಕಳೇ ಬೀಜ ಸರಿಸ್ಲಿ. ಅರ್ಧ ಗಂಟೇಲಿ ಮೈದಾನದ ಒಂದು ವಾರದ ಕೆಲಸ ಆಗುತ್ತೆ. ಇನ್‌ಫೀಲ್ಡ್ ಫ್ಲೈ ರೂಲ್ (ಕೆಲವು ಸಂದರ್ಭದಲ್ಲಿ ಇನ್‌ಫೀಲ್ಡಲ್ಲಿ ಮೇಲಕ್ಕೆ ಹೋದ ಸುಲಭದ ಬಾಲಿಗೆ, ಹಿಡೀದೇ ಇದ್ರೂ ಬ್ಯಾಟರ್ ಔಟ್ ಅನ್ನೋದು) ಇವತ್ತೇ ಹೇಳೋಕೆ ಹೋಗ್ಬೇಡಿ, ಫೋರ್ಸ್ ಅರ್ಥ ಆದ್ಮೇಲೆ ಅದು ತಾನಾಗೇ ಅರ್ಥ ಆಗುತ್ತೆ.

ಹೆಜ್ಜೆ 2: ಪ್ರತಿ ಪಿಚ್‌ಗೂ ಮೊದ್ಲು ಮೂರು ಪ್ರಶ್ನೆ

ಎಷ್ಟು ಔಟ್? ರನ್ನರ್ ಎಲ್ಲೆಲ್ಲಿ? ನಂಗೆ ಬಂದ್ರೆ ಎಲ್ಲಿಗೆ?

ಇಷ್ಟೇ. ಪಿಚ್ಚರ್ ಬಾಲ್ ತಗೊಂಡು ವಾಪಸ್ ಹೋಗಿ ನಿಲ್ಲೋ ಹೊತ್ತಲ್ಲಿ ಒಂಬತ್ತು ಜನಾನೂ ಇದನ್ನ ಮನಸಲ್ಲೇ ಕೇಳ್ಕೋಬೇಕು, ಶುರುವಿನಲ್ಲಿ ಬಾಯಿಬಿಟ್ಟೇ ಹೇಳಿಸಿ. "ಒಂದ್ ಔಟ್, ಫಸ್ಟಲ್ಲಿ ರನ್ನರ್, ನಂಗೆ ಬಂದ್ರೆ ಸೆಕೆಂಡಿಗೆ." ಔಟ್ ಎಷ್ಟು ಅಂತ ಬೆರಳಲ್ಲೂ ತೋರಿಸ್ಬೇಕು, ಎರಡು ಔಟ್ ಆದಾಗ ತೋರುಬೆರಳು ಕಿರುಬೆರಳು ಎತ್ತೋದು ರೂಢಿ, ದೂರದ ಔಟ್‌ಫೀಲ್ಡರ್‌ಗೂ ಸ್ಪಷ್ಟವಾಗಿ ಕಾಣ್ಲಿ ಅಂತ. ಪಿಚ್ಚರ್ ತೋಳು ತಿರುಗಿಸೋಕೆ ಶುರು ಮಾಡಿದ್ಮೇಲೆ ಯೋಚ್ನೆ ಬಂದ್, ಆಮೇಲೆ ಕಣ್ಣು ಬಾಲ್ ಮೇಲೆ ಮಾತ್ರ. ಈ ಗೆರೆ ಮುಖ್ಯ, ಬಾಲ್ ಬರೋವಾಗ್ಲೂ ಯೋಚ್ನೆ ಮಾಡ್ತಾ ನಿಂತ ಮಗು ಹಿಡಿಯೋದನ್ನೂ ಬಿಡುತ್ತೆ.

ಮೂರೂ ಗಟ್ಟಿಯಾದ್ಮೇಲೆ ನಾಲ್ಕನೇದು ಸೇರಿಸಿ: ನಂಗೆ ಬರದಿದ್ರೆ ನಾನೆಲ್ಲಿಗೆ ಓಡ್ಬೇಕು? ಇದಕ್ಕೆ ಮಕ್ಕಳಿಗೆ ಒಂದು ವಿಡಿಯೋ ತೋರಿಸಿ. ಟೋಕಿಯೊ ಒಲಿಂಪಿಕ್ಸ್ ಫೈನಲ್, 2021ರ ಜುಲೈಲಿ ನಡೆದಿದ್ದು, ಜಪಾನ್ ಅಮೆರಿಕಾನ 2-0ಯಿಂದ ಸೋಲಿಸ್ತಲ್ಲ ಅದು. ಆರನೇ ಇನ್ನಿಂಗ್ಸಲ್ಲಿ ಅಮೆರಿಕಾದ ರನ್ನರ್‌ಗಳು ಬೇಸ್ ಮೇಲಿದ್ದಾಗ ಜೋರಾಗಿ ಹೊಡೆದ ಬಾಲ್ ಥರ್ಡ್ ಬೇಸ್ ಆಟಗಾರ್ತಿ ಕೈಗೆ ಬಡಿದು ಹಾರುತ್ತೆ, ಶಾರ್ಟ್‌ಸ್ಟಾಪ್ ಮಾನಾ ಅತ್ಸುಮಿ ಅದು ನೆಲಕ್ಕೆ ಬೀಳೋ ಮೊದ್ಲೇ ಹಿಡ್ದು ಅದೇ ಉಸಿರಲ್ಲಿ ಸೆಕೆಂಡಿಗೆ ಎಸೆದು ಡಬಲ್ ಪ್ಲೇ, ಅಂದ್ರೆ ಒಂದೇ ಹೊಡೆತಕ್ಕೆ ಎರಡು ಔಟ್, ಮಾಡ್ತಾಳೆ. ಫೀಲ್ಡರ್‌ಗೆ ಬಡಿದ ಬಾಲ್ ನೆಲ ಮುಟ್ಟದಿದ್ರೆ ಅದಿನ್ನೂ ಕ್ಯಾಚೇ ಅನ್ನೋದು ಅವಳಿಗೆ ಗೊತ್ತಿತ್ತು, ಬಾಲ್ ತನ್ನ ಕಡೆ ಬರದಿದ್ರೂ ಕಾಲು ಆ ಕಡೆ ಹೊರಟಿತ್ತು, ಸೆಕೆಂಡಲ್ಲಿ ರನ್ನರ್ ಬೇಸ್ ಬಿಟ್ಟಿರ್ತಾಳೆ ಅನ್ನೋದೂ ತಲೇಲಿತ್ತು. ವಿಡಿಯೋನ ನಿಲ್ಲಿಸಿ ನಿಲ್ಲಿಸಿ ತೋರಿಸಿ, ಬಾಲ್ ಬಡಿಯೋ ಮೊದ್ಲು ಅವಳ ಕಾಲು ಎಲ್ಲಿದೆ ನೋಡ್ರಿ ಅಂತ ಹೇಳಿ. 2028ಕ್ಕೆ ಲಾಸ್ ಏಂಜಲೀಸಲ್ಲಿ ಸಾಫ್ಟ್‌ಬಾಲ್ ಮತ್ತೆ ಒಲಿಂಪಿಕ್ಸಿಗೆ ಬರ್ತಿದೆ, ಹುಡುಗೀರಿಗೆ ಅದನ್ನೂ ಹೇಳಿ, ಕಣ್ಣು ಅರಳುತ್ತೆ.

ಹೆಜ್ಜೆ 3: ಖಾತ್ರಿ ಔಟ್ ಯಾವ್ದು ಅಂತ ಗುರುತಿಸೋದು

ನನ್ ಪ್ರಕಾರ ಇಡೀ ವಿಷಯದ ಜೀವ ಇರೋದು ಇಲ್ಲೇ. ಚಿಕ್ಕ ಮಕ್ಕಳಿಗೆ ಒಂದೇ ಮಾತು ಕೊಡಿ: ಖಾತ್ರಿ ಔಟ್ ಮೊದ್ಲು. ಮುಂದಿನ ರನ್ನರ್‌ನ ಹಿಡಿಯೋ ಆಸೆಗೆ ಬಿದ್ದು ಎರಡೂ ಕಳ್ಕೊಳ್ಳೋದಕ್ಕಿಂತ ಕೈಯಲ್ಲಿರೋ ಒಂದು ಔಟ್ ತಗೊಳ್ಳಿ. ಎರಡು ಔಟ್ ಆಗಿದ್ರಂತೂ ಯೋಚ್ನೆನೇ ಬೇಡ, ಹತ್ರದ ಸುಲಭದ ಫೋರ್ಸ್, ಇನ್ನಿಂಗ್ಸ್ ಮುಗೀತು.

ಎರಡು ಔಟ್‌ಗಿಂತ ಕಮ್ಮಿ ಇದ್ದಾಗ ಸ್ವಲ್ಪ ಕಷ್ಟ, ಇಲ್ಲಿ ಸ್ಕೋರ್ ಬರುತ್ತೆ. ಕೊನೇ ಇನ್ನಿಂಗ್ಸ್, ಸ್ಕೋರ್ ಸಮ, ಥರ್ಡಲ್ಲಿ ರನ್ನರ್, ಆಗ ಆ ಒಂದು ರನ್ ಬಿಟ್ರೆ ಮ್ಯಾಚೇ ಹೋಯ್ತು, ಇನ್‌ಫೀಲ್ಡ್ ಮುಂದೆ ಬರ್ಬೇಕು, ಬಾಲ್ ಹೋಮಿಗೇ ಹೋಗ್ಬೇಕು. ಅದೇ ಪರಿಸ್ಥಿತಿ ಎರಡನೇ ಇನ್ನಿಂಗ್ಸಲ್ಲಿ ನಾವು ನಾಲ್ಕು ರನ್ ಮುಂದಿದ್ದಾಗ ಆದ್ರೆ ಆ ರನ್ ಹೋಗ್ಲಿ ಬಿಡಿ, ಫಸ್ಟಲ್ಲಿ ಔಟ್ ತಗೊಳ್ಳಿ, ಯಾಕಂದ್ರೆ ಅವರಿಗೆ ಬೇಕಾಗಿರೋದು ರನ್ನು, ನಮಗೆ ಬೇಕಾಗಿರೋದು ಔಟು, ಏಳು ಇನ್ನಿಂಗ್ಸಿಗೆ ಒಟ್ಟು ಇಪ್ಪತ್ತೊಂದು ಔಟ್ ಮಾಡೋವರೆಗೆ ಆಟ ಮುಗಿಯಲ್ಲ. ಈ ಲೆಕ್ಕ ಮಗುವಿಗೆ ಒಂದ್ಸಲ ಹಿಡಿಸ್ತು ಅಂದ್ರೆ ಅರ್ಧ ಗಾಬರಿ ಕಮ್ಮಿ ಆಗುತ್ತೆ.

ಎಸೀದೇ ಇರೋದೂ ಒಂದು ನಿರ್ಧಾರ ಅಂತ ಒತ್ತಿ ಹೇಳಿ. ಬಾಲ್ ತಡವಾಗಿ ಸಿಕ್ತು, ರನ್ನರ್ ಬೇಸ್ ಹತ್ರ ಹೋಗಿದಾಳೆ, ಆಗ ಎಸೆದ್ರೆ ಔಟ್ ಅಂತೂ ಆಗಲ್ಲ, ಥ್ರೋ ಕೆಟ್ರೆ ಮಾತ್ರ ಇನ್ನೆರಡು ಬೇಸ್ ಉಚಿತ. ನಮ್ ಸ್ಕೂಲ್ ಮ್ಯಾಚುಗಳಲ್ಲಿ ಬಹಳಷ್ಟು ರನ್ ಹೋಗೋದು ಹೊಡೆತದಿಂದ ಅಲ್ಲ, ಈ ಬೇಡದ ಥ್ರೋಗಳಿಂದ. ಬಾಲ್ ಹಿಡ್ಕೊಂಡು ಪಿಚ್ಚರ್ ಕಡೆ ಓಡಿ ಕೈಗೆ ಕೊಟ್ಬಿಡ್ಲಿ. ಪಿಚ್ಚರ್ ತನ್ನ ಸರ್ಕಲ್ ಒಳಗೆ ಬಾಲ್ ಹಿಡ್ಕೊಂಡು ಸುಮ್ನೆ ನಿಂತ್ರೆ ಬೇಸ್ ಬಿಟ್ಟಿರೋ ರನ್ನರ್ ತಕ್ಷಣ ಮುಂದೆ ಇಲ್ಲಾ ಹಿಂದೆ ಹೋಗ್ಲೇಬೇಕು, ನಿಂತು ಆಟ ಆಡಿಸೋ ಹಂಗಿಲ್ಲ. ಈ ರೂಲ್ ಗೊತ್ತಿದ್ರೆ ಅಪ್ಪಿತಪ್ಪಿ ಎಸೆಯೋ ಗಡಿಬಿಡಿ ನಿಲ್ಲುತ್ತೆ.

ಫಸ್ಟ್ ಮತ್ತೆ ಥರ್ಡಲ್ಲಿ ರನ್ನರ್ ಇದ್ದಾಗ ಒಂದು ಮಾತು. ಫಸ್ಟಲ್ಲಿರೋಳು ಸೆಕೆಂಡಿಗೆ ಓಡ್ತಾಳೆ, ಹೋಮ್ ಹಿಂದೆ ಕೂರೋ ಕ್ಯಾಚರ್ ಸೆಕೆಂಡಿಗೆ ಎಸೀತಾಳೆ, ಅಷ್ಟ್ರಲ್ಲಿ ಥರ್ಡಲ್ಲಿರೋಳು ಹೋಮಿಗೆ ಬಂದ್ಬಿಡ್ತಾಳೆ. ಎದುರಾಳಿ ಬೇಕಂತಲೇ ಇದನ್ನ ಮಾಡ್ತಾರೆ. ಇದಕ್ಕೆ ಉತ್ತರ ಪಿಚ್ ಹಾಕೋ ಮೊದ್ಲೇ ತೀರ್ಮಾನ ಆಗಿರ್ಬೇಕು, ಎಸೀಬೇಕಾ, ಎಸೆದಂಗೆ ಮಾಡಿ ಥರ್ಡ್ ನೋಡ್ಬೇಕಾ, ಬಿಟ್ಬಿಡ್ಬೇಕಾ ಅಂತ. ತೋಳಲ್ಲಿ ಇನ್ನೂ ಬಲ ಬಂದಿಲ್ಲದ ಕ್ಯಾಚರ್ ಇದ್ರೆ ಸುಮ್ನೆ ಸೆಕೆಂಡ್ ಬೇಸ್ ಬಿಟ್ಕೊಡೋದೇ ಒಳ್ಳೇದು ಅನ್ನೋದು ನನ್ ಅಭಿಪ್ರಾಯ.

ಹೆಜ್ಜೆ 4: ಹೊರಗಿನವರು ಕೂಗೋದು ನಿಲ್ಲಿಸಿ, ಕ್ಯಾಚರ್ ಕೂಗ್ಲಿ

ಸರ್ ಒಂದು ಕಡೆಯಿಂದ "ಸೆಕೆಂಡ್ ಸೆಕೆಂಡ್", ಬೆಂಚಲ್ಲಿ ಕೂತೋರು "ಹೋಮ್ ಹೋಮ್", ಕಾಂಪೌಂಡ್ ಮೇಲೆ ಕೂತ ಅಣ್ಣಂದ್ರು "ಎಸಿಯೋ ಬೇಗ". ಇಷ್ಟು ದನಿ ಕೇಳಿದ ಮಗು ಏನ್ ಮಾಡುತ್ತೆ ಹೇಳ್ರಿ? ಮ್ಯಾಚ್ ನಡೆಯೋವಾಗ ದಾರಿ ತೋರ್ಸೋ ಹಕ್ಕು ಒಬ್ರಿಗೇ ಇರ್ಲಿ, ಅದು ಕ್ಯಾಚರ್. ಇಡೀ ಮೈದಾನ ಎದುರಿಗೆ ಕಾಣೋದು ಅವಳೊಬ್ಬಳಿಗೇ. ಬೇಸ್ ಹೆಸರೂ ಬೇಡ, ನಂಬರ್ ಸಾಕು, ಒಂದು ಅಂದ್ರೆ ಫಸ್ಟ್, ನಾಲ್ಕು ಅಂದ್ರೆ ಹೋಮ್. "ಎರಡು ಎರಡು!" ಅಂತ ಜೋರಾಗಿ, ಎರಡು ಸಲ. ನಾಚ್ಕೊಳ್ಳೋ ಹುಡುಗೀನ ಕ್ಯಾಚರ್ ಮಾಡಿದ್ರೆ ಮೊದ್ಲು ದನಿ ಬಿಡೋದನ್ನೇ ಒಂದು ವಾರ ಪ್ರಾಕ್ಟೀಸ್ ಮಾಡಿಸಿ, ಹೋಮಿಂದ ಕೂಗಿದ್ದು ಸೆಂಟರ್ ಫೀಲ್ಡಿಗೆ ಕೇಳಿಸ್ಬೇಕು.

ಅಪ್ಪ ಅಮ್ಮಂದ್ರಿಗೆ ಮ್ಯಾಚಿಗೆ ಮುಂಚೆನೇ ಕೈಮುಗ್ದು ಹೇಳ್ಬಿಡಿ: ಚಪ್ಪಾಳೆ ಎಷ್ಟ್ ಬೇಕಾದ್ರೂ ಹೊಡೀರಿ, ಎಲ್ಲಿಗೆ ಎಸೀಬೇಕು ಅಂತ ಮಾತ್ರ ಹೇಳ್ಬೇಡಿ.

ಹೆಜ್ಜೆ 5: ಮ್ಯಾಚಿನ ಇಕ್ಕಟ್ಟನ್ನ ಪ್ರಾಕ್ಟೀಸಿಗೆ ತನ್ನಿ

ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೇ ಬಾಲ್ ಹೊಡೆದು ಫಸ್ಟಿಗೆ ಎಸೆಸೋ ಪ್ರಾಕ್ಟೀಸಲ್ಲಿ ಕೈ ಪಳಗುತ್ತೆ, ತಲೆ ಪಳಗಲ್ಲ. ರನ್ನರ್ ಇಲ್ದಿದ್ರೆ ನಿರ್ಧಾರ ಎಲ್ಲಿಂದ ಬರ್ಬೇಕು? ಹೀಗೆ ಮಾಡಿ. ಚೀಟಿ ಬರೀರಿ, ಒಂದೊಂದು ಚೀಟೀಲಿ ಒಂದು ಪರಿಸ್ಥಿತಿ. "ಏಳನೇ ಇನ್ನಿಂಗ್ಸ್, ಒಂದು ರನ್ ಮುಂದಿದೀವಿ, ಒಂದು ಔಟ್, ಸೆಕೆಂಡ್ ಥರ್ಡಲ್ಲಿ ರನ್ನರ್." "ಮೊದಲ್ನೇ ಇನ್ನಿಂಗ್ಸ್, ಔಟ್ ಇಲ್ಲ, ಬೇಸ್ ಫುಲ್." ಒಂದು ಮಗು ಚೀಟಿ ಎತ್ತಿ ಜೋರಾಗಿ ಓದ್ಬೇಕು, ರನ್ನರ್‌ಗಳು ಹೋಗಿ ನಿಲ್ಬೇಕು, ಆಮೇಲೆ ನೀವು ಹೋಮಿಂದ ಬಾಲ್ ಉರುಳಿಸಿ ಇಲ್ಲಾ ಹೊಡೀರಿ. ರನ್ನರ್ ನಿಜವಾಗ್ಲೂ ಓಡ್ಬೇಕು. ಹತ್ತು ಹನ್ನೆರಡು ಮಕ್ಕಳಿದ್ರೆ ಸಾಕು, ಬೇಸ್ ಇಲ್ದಿದ್ರೆ ಗೋಣಿಚೀಲ ಮಡಚಿ ಇಡಿ.

ಪಾಯಿಂಟ್ ಕೊಡೋದ್ರಲ್ಲೇ ಗುಟ್ಟು ಇರೋದು. ಸರಿಯಾದ ಬೇಸಿಗೆ ಎಸೆದು ಥ್ರೋ ಕೆಟ್ರೂ ಪಾಯಿಂಟ್ ಕೊಡಿ. ತಪ್ಪು ಬೇಸಿಗೆ ಎಷ್ಟ್ ಚೆಂದ ಎಸೆದ್ರೂ ಪಾಯಿಂಟ್ ಇಲ್ಲ. ಒಂದೆರಡು ದಿನ ಮಕ್ಕಳು ಜಗಳ ಆಡ್ತಾರೆ, "ಸರ್ ಔಟ್ ಆಯ್ತಲ್ಲ ಸರ್" ಅಂತಾರೆ. ಜಗಳ ಆಡ್ಲಿ, ಆ ಜಗಳದಲ್ಲೇ ಯಾವ್ದು ಯಾಕೆ ಸರಿ ಅನ್ನೋ ಚರ್ಚೆ ಆಗುತ್ತೆ, ನೀವು ಭಾಷಣ ಮಾಡೋ ಅಗತ್ಯಾನೇ ಬರಲ್ಲ.

ನಮ್ ಮೈದಾನಗಳು ಗಟ್ಟಿ ಮಣ್ಣು, ಸಣ್ಣ ಕಲ್ಲು, ಜೊತೆಗೆ ಪಕ್ಕದಲ್ಲಿ ನಾಲ್ಕು ಕ್ರಿಕೆಟ್ ಟೀಮ್ ಆಡ್ತಿರ್ತಾವೆ, ಬಾಲ್ ಹೆಂಗೆ ಪುಟಿಯುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೇ ಪ್ರತಿ ಚೀಟಿಗೂ ಎರಡನೇ ಉತ್ತರ ಕೇಳಿ: ಬಾಲ್ ಕೈಗೆ ಸಿಗದೇ ಎದೆಗೆ ಬಡಿದು ಮುಂದೆ ಬಿತ್ತು, ಇವಾಗ ಎಲ್ಲಿಗೆ? ಸೆಕೆಂಡಿಗೆ ಅಂತ ಯೋಚ್ನೆ ಮಾಡಿದ್ದೋಳು ಈಗ ಫಸ್ಟಿಗೆ ಅಂತ ಬದಲಾಯಿಸ್ಬೇಕು. ಈ ಬದಲಾವಣೆನೂ ಮೊದ್ಲೇ ತಲೇಲಿದ್ರೆ ಕೈ ಗೊಂದಲ ಪಡಲ್ಲ.

ದುರ್ಗದ ಗಾಳಿಗೆ ಒಂದು ತಯಾರಿ

ಚಿತ್ರದುರ್ಗದಲ್ಲಿ ಆಡಿದೋರಿಗೆ ಬೇರೆ ಹೇಳ್ಬೇಕಾಗಿಲ್ಲ, ಊರ ಸುತ್ತ ಗುಡ್ಡಗಳ ಮೇಲೆ ಗಾಳಿ ಗಿರಣಿ ನಿಲ್ಸಿರೋದು ಸುಮ್ನೆ ಅಲ್ಲ. ಆಷಾಢ ಶ್ರಾವಣದಲ್ಲಿ ಬೀಸೋ ಆ ಗಾಳೀಲಿ ಮೇಲಕ್ಕೆ ಹೋದ ಬಾಲ್ ಸೆಂಟರ್ ಫೀಲ್ಡಿಗೆ ಅಂತ ಹೊರಟು ಸೆಕೆಂಡ್ ಬೇಸ್ ಹಿಂದೆ ಬೀಳುತ್ತೆ, ತಾಲ್ಲೂಕು ಮಟ್ಟದ ಆಟಗಳೂ ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಬರ್ತಾವೆ. ಪ್ರತಿ ಇನ್ನಿಂಗ್ಸಿಗೂ ಮೊದ್ಲು ಔಟ್‌ಫೀಲ್ಡರ್ ಒಂದು ಚಿಟಿಕೆ ಮಣ್ಣು ಬಿಟ್ಟು ನೋಡ್ಲಿ. ಇಬ್ರ ಮಧ್ಯೆ ಬೀಳೋ ಬಾಲ್ ಯಾರದ್ದು ಅನ್ನೋದು ಮೊದ್ಲೇ ತೀರ್ಮಾನ ಆಗಿರ್ಲಿ: ಹಿಂದಕ್ಕೆ ಓಡೋ ಇನ್‌ಫೀಲ್ಡರ್‌ಗಿಂತ ಮುಂದಕ್ಕೆ ಬರೋ ಔಟ್‌ಫೀಲ್ಡರ್‌ಗೆ ಹಕ್ಕು ಜಾಸ್ತಿ, ಔಟ್‌ಫೀಲ್ಡಲ್ಲಿ ಸೆಂಟರ್‌ಗೆ ಮೊದಲ ಹಕ್ಕು. "ನಂದು ನಂದು" ಅಂತ ಕೂಗಿದ್ಮೇಲೆ ಉಳಿದೋರು ಬಿಟ್ಕೊಟ್ಟು ಹಿಂದೆ ನಿಲ್ಬೇಕು. ಇಬ್ರೂ ಡಿಕ್ಕಿ ಹೊಡ್ಕೊಂಡು ಹಲ್ಲು ಮುರ್ಕೊಳ್ಳೋದು ತಪ್ಪುತ್ತೆ.

ಹೆಜ್ಜೆ 6: ಬೇಸ್ ಮೇಲಿರೋರಿಗೂ ಪ್ರಶ್ನೆ ಇದಾವೆ

ಖೋ ಖೋ ಆಡಿದ ಮಕ್ಕಳು ಇಲ್ಲಿ ಬಹಳ ಬೇಗ ಮುಂದೆ ಬರ್ತಾರೆ, ಎದುರಿನವರ ಮೈ ಎತ್ತ ವಾಲ್ತಿದೆ ಅಂತ ನೋಡಿ ಓಡೋದು ಅವರಿಗೆ ಮೊದ್ಲೇ ಬಂದಿರುತ್ತೆ. ಕಲಿಸ್ಬೇಕಾಗಿರೋದು ಇಷ್ಟು. ಎರಡು ಔಟ್ ಆಗಿದ್ರೆ ಬ್ಯಾಟಿಗೆ ತಾಗಿದ ಸದ್ದಿಗೇ ಓಡು. ಕಮ್ಮಿ ಔಟ್ ಇದ್ದು ಬಾಲ್ ಮೇಲಕ್ಕೆ ಹೋದ್ರೆ, ಆಳವಾಗಿದ್ರೆ ಬೇಸ್ ಮುಟ್ಕೊಂಡು ಕಾಯಿ, ಹತ್ರದಲ್ಲಿದ್ರೆ ಸ್ವಲ್ಪ ದೂರ ಹೋಗಿ ನೋಡು. ಸೆಕೆಂಡಲ್ಲಿ ನಿಂತಿದ್ದು ಫಸ್ಟ್ ಖಾಲಿ ಇದ್ದು ನೆಲದ ಬಾಲ್ ಶಾರ್ಟ್‌ಸ್ಟಾಪ್ ಇಲ್ಲಾ ಥರ್ಡ್ ಕಡೆ ಹೋದ್ರೆ ನಿಲ್ಲು, ಫಸ್ಟ್ ಬೇಸ್ ಕಡೆಗೆ ಹೋದ್ರೆ ಹೊರಡು. ಬಾಲ್ ಕಣ್ಣ ಮುಂದೆ ಇರೋವಾಗ ನಿನ್ನ ಕಣ್ಣು ನಂಬು, ಬೆನ್ನ ಹಿಂದೆ ಹೋದ್ಮೇಲೆ ಥರ್ಡ್ ಬೇಸ್ ಕೋಚ್ ಕೈ ನಂಬು. ಓಡ್ತಾ ಓಡ್ತಾ ಹಿಂದೆ ತಿರುಗಿ ನೋಡೋದು ಬಿಡಿಸಿ, ಒಂದ್ಸಲ ತಿರುಗಿದ್ರೆ ಒಂದು ಹೆಜ್ಜೆ ಹೋಯ್ತು.

ಹೆಜ್ಜೆ 7: ಬ್ಯಾಟ್ ಹಿಡಿದಾಗ

ಇದನ್ನ ಚಿಕ್ಕದಾಗಿ ಹೇಳ್ತೀನಿ. ಗಂಟೆಗೆ 70 ಕಿ.ಮೀ. ವೇಗದ ಪಿಚ್ ಅಂದ್ರೆ ಸೆಕೆಂಡಿಗೆ 19 ಮೀಟರ್ ಚಿಲ್ಲರೆ. ದೊಡ್ಡ ಹುಡುಗೀರ ಆಟದಲ್ಲಿ ಪಿಚ್ಚಿಂಗ್ ದೂರ 43 ಅಡಿ, ಅಂದ್ರೆ 13.11 ಮೀಟರ್, ಪಿಚ್ಚರ್ ಹೆಜ್ಜೆ ಮುಂದೆ ಇಟ್ಟು ಬಿಡೋದ್ರಿಂದ ಅದೂ ಕಮ್ಮಿ ಆಗುತ್ತೆ. ಲೆಕ್ಕ ಹಾಕಿದ್ರೆ ಮಗುವಿಗೆ ಸಿಗೋದು ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ ಅಷ್ಟೇ. ಅದಕ್ಕೇ ಯಾವ ಜಾಗದ ಬಾಲ್ ಹೊಡೀಬೇಕು ಅಂತ ಬಾಕ್ಸಿಗೆ ಇಳಿಯೋ ಮೊದ್ಲೇ ಆರಿಸ್ಕೊಂಡಿರ್ಬೇಕು. ಸ್ಟ್ರೈಕ್ ಇನ್ನೂ ಆಗಿಲ್ಲ ಅಂದ್ರೆ ತನಗೆ ಇಷ್ಟದ ಜಾಗಕ್ಕೆ ಬಂದ್ರೆ ಮಾತ್ರ ಬೀಸೋದು, ಎರಡು ಸ್ಟ್ರೈಕ್ ಆದ್ಮೇಲೆ ಜಾಗ ದೊಡ್ಡದು ಮಾಡ್ಕೊಂಡು ಹತ್ರ ಬಂದಿದ್ದೆಲ್ಲಾ ಮುಟ್ಟೋದು. ಮೂರು ಬಾಲ್ (ಸ್ಟ್ರೈಕ್ ಜಾಗದ ಹೊರಗೆ ಹೋದ ಪಿಚ್, ನಾಲ್ಕಾದ್ರೆ ಬ್ಯಾಟರ್‌ಗೆ ಫಸ್ಟ್ ಬೇಸ್ ಉಚಿತ) ಒಂದು ಸ್ಟ್ರೈಕ್ ಇದ್ದಾಗ ಪಿಚ್ಚರ್ ನೇರವಾಗಿ ಹಾಕ್ಲೇಬೇಕಾದ ಇಕ್ಕಟ್ಟಲ್ಲಿರ್ತಾಳೆ, ಅದನ್ನ ಕಾಯೋದು ಕಲಿಸಿ.

ಹೆಜ್ಜೆ 8: ತಪ್ಪಾದ್ಮೇಲೆ ಏನ್ ಕೇಳ್ತೀರಿ ಅನ್ನೋದು

"ಯಾಕ್ ಹಂಗ್ ಮಾಡ್ದೆ?" ಅಂದ್ರೆ ಮಗು ತಲೆ ತಗ್ಗಿಸುತ್ತೆ, ಉತ್ತರ ಬರಲ್ಲ. "ಏನ್ ನೋಡ್ದೆ?" ಅಂತ ಕೇಳಿ.

"ಏನ್ ನೋಡ್ದೆಮ್ಮ ಆಗ?"
"ಸರ್, ಸೆಕೆಂಡಿಂದ ಅವ್ಳು ಓಡ್ತಿದ್ದದ್ದು ಕಾಣ್ತು, ಅದ್ಕೆ ಥರ್ಡಿಗೆ ಹಾಕ್ದೆ."
"ಎಷ್ಟ್ ಔಟ್ ಆಗಿತ್ತು?"
"ಎರಡು ಸರ್."
"ಫಸ್ಟಲ್ಲಿ ಯಾರಾದ್ರೂ ಇದ್ರಾ?"
"ಇಲ್ಲ ಸರ್. ಥರ್ಡಲ್ಲಿ ಟ್ಯಾಗ್ ಮಾಡ್ಬೇಕಿತ್ತು. ಫಸ್ಟಿಗೆ ಹಾಕಿದ್ರೆ ಮುಗೀತಿತ್ತು."

ನೋಡ್ರಿ, ಉತ್ತರ ಅವಳ ಹತ್ರಾನೇ ಇತ್ತು. ಈ ಮಾತುಕತೆ ಇನ್ನಿಂಗ್ಸ್ ಮುಗಿದು ಬೆಂಚಿಗೆ ಬಂದ್ಮೇಲೆ, ಮೆತ್ತಗೆ, ಅವಳ ಪಕ್ಕ ಕೂತು ಆಗ್ಬೇಕು, ಮೈದಾನದ ಮಧ್ಯೆ ಎಲ್ರೆದುರಿಗೆ ಅಲ್ಲ. ತಪ್ಪು ಮಾಡಿದ ಕೂಡ್ಲೇ ಆಟದಿಂದ ಹೊರಗೆ ಕರೆಯೋದನ್ನಂತೂ ದಯವಿಟ್ಟು ಮಾಡ್ಬೇಡಿ, ಹಂಗೆ ಮಾಡಿದ್ರೆ ಮುಂದಿನ ಸಲ ಆ ಮಗು ನಿರ್ಧಾರ ತಗೊಳ್ಳೋದನ್ನೇ ಬಿಡುತ್ತೆ, ಮತ್ತೆ ನಿಮ್ಮ ಮುಖ ನೋಡೋಕೆ ಶುರು ಮಾಡುತ್ತೆ. ನಿರ್ಧಾರ ಸರಿ ಇದ್ದು ಕೈ ತಪ್ಪಿದ್ರೆ ಅದನ್ನ ಬೇರೆ ಮಾಡಿ ಹೇಳಿ, "ಯೋಚ್ನೆ ಸರಿ ಇತ್ತು ಕಣಮ್ಮ, ಥ್ರೋ ನಾಳೆ ನೋಡ್ಕೊಳ್ಳೋಣ." ಮಗುವಿಗೆ ಎರಡರ ವ್ಯತ್ಯಾಸ ಗೊತ್ತಾಗೋದು ಬಹಳ ದೊಡ್ಡ ವಿಷಯ.

ಬೆಂಚಲ್ಲಿ ಕೂತಿರೋ ಒಬ್ಬರ ಕೈಗೆ ಒಂದು ನೋಟ್‌ಬುಕ್ ಕೊಡಿ. ರನ್ ಬರೆಯೋದಲ್ಲ, ಯಾವ ಇನ್ನಿಂಗ್ಸ್, ಎಷ್ಟು ಔಟ್, ರನ್ನರ್ ಎಲ್ಲಿ, ಬಾಲ್ ಎಲ್ಲಿಗೆ ಹೋಯ್ತು, ಎಲ್ಲಿಗೆ ಹೋಗ್ಬೇಕಿತ್ತು, ಇಷ್ಟೇ. ಹೆಸರು ಬರೆಯೋದು ಬೇಡ. ಆಡದೇ ಕೂತ ಮಗುನೂ ಹೀಗೆ ಪ್ರತಿ ಪಿಚ್‌ಗೂ ಯೋಚ್ನೆ ಮಾಡ್ತಾ ಇರುತ್ತೆ, ನಾಳೆ ಒಳಗೆ ಇಳಿದಾಗ ತಯಾರಾಗಿರುತ್ತೆ. ಸೋಮವಾರದ ಪ್ರಾಕ್ಟೀಸಿಗೆ ಚೀಟಿ ಬರೆಯೋಕೆ ಕೂತಾಗ ಆ ನೋಟ್‌ಬುಕ್ ತೆಗೀರಿ, ಎಡವಿದ ಜಾಗಗಳನ್ನೇ ಒಂದೊಂದು ಚೀಟಿ ಮಾಡಿ, ಮತ್ತೆ ಓದೋಕೆ ಹೇಳಿ.